ಹಾಸ್ಟೆಲಿಗೆ ಬೀಗ ಬಿದ್ದ ಮೇಲೆ

(ಬೇಸಿಗೆ ಸೂಟಿಗೆ ಮುಂಚೆ ಸಿಂದಗಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಪರೀಕ್ಷೆ ಮುಗೀತು. ಇನ್ನ ನಾಲ್ಕು ದಿನಕ್ಕೆ ಹಾಸ್ಟೆಲಿಗೆ ಬೀಗ ಬೀಳ್ತದ. ಟ್ರಂಕು ಹೊತ್ತುಕೊಂಡು ನೀವು ಊರಿಗೆ ಹೋಗ್ತೀರಿ. ಕೆಲವರ ಮನಿಗೂ ಬೀಗ ಬಿದ್ದಿರ್ತದ. ಅವ್ವ ಅಪ್ಪ ಗೋವಾಕ್ಕೋ ಪುಣೆಗೋ ಬೆಂಗಳೂರಿಗೋ ದುಡಿಯಾಕ ಹೋಗಿರ್ತಾರ. ಅಲ್ಲೂ ಬೀಗ, ಇಲ್ಲೂ ಬೀಗ. ನೀವೂ ಅವರ ಬೆನ್ನು ಹತ್ತಿ ಗುಳೆ ಹೋಗಿ ಎರಡು ತಿಂಗಳು ಸಿಮೆಂಟಿನ ಪುಟ್ಟಿ ಹೊರ್ತೀರಿ. ಜೂನಿನಲ್ಲಿ ಸಾಲಿ ಕಾಲೇಜು ಶುರುವಾದಾಗ ಎಲ್ಲರೂ ತಿರುಗಿ ಬರ್ತಾರ ಅನ್ನೋ ಖಾತ್ರಿ ಇಲ್ಲ. ಶಾಲೆ ಬಿಟ್ಟವರ ಪಟ್ಟಿಯಲ್ಲಿ ನಮ್ಮ ಹುಡುಗರ ಹೆಸರು ಬರೆಯುವುದು ಜೂನಿನಲ್ಲಿ. ಆದರೆ ಅವರು ಶಾಲೆ ಬಿಡುವುದು ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ.

ದುಡಿಯಬೇಡಿ ಎಂದು ಹೇಳಲು ನಾನು ಬಂದಿಲ್ಲ. ಹಸಿದ ಹೊಟ್ಟೆಗೆ ಉಪದೇಶ ಮಾಡುವುದು ಉಳ್ಳವರ ಚಟ. ನಾನು ಹೇಳುವುದು ಇಷ್ಟೆ: ಗುಳೆ ಹೋದವರಾಗಲಿ, ಊರಲ್ಲೇ ಉಳಿದವರಾಗಲಿ, ಈ ಎರಡು ತಿಂಗಳು ಓದಿನ ದಾರ ಹರಿಯಬಾರದು. ಉಳ್ಳವರ ಮಕ್ಕಳಿಗೆ ಮನೆಯಲ್ಲೇ ಪುಸ್ತಕ, ಮನೆಯಲ್ಲೇ ಫ್ಯಾನು, ಬೇಸಿಗೆಗೆ ಬೇರೆ ಕೋಚಿಂಗು. ಅವರ ಓದಿಗೆ ಸೂಟಿ ಇಲ್ಲ. ನಮ್ಮ ಓದು ಹಾಸ್ಟೆಲಿನ ಬೀಗದ ಜೊತೆಗೇ ನಿಂತು ಹೋಗ್ತದ. ಹಾಗೆ ನಿಲ್ಲದಂತೆ ನೋಡಿಕೊಳ್ಳಲು ನಮಗೊಂದು ಜಾಗ ಇದೆ. ಅದರ ಹೆಸರು ಸಾರ್ವಜನಿಕ ಗ್ರಂಥಾಲಯ.

ಈ 'ಸಾರ್ವಜನಿಕ' ಎನ್ನುವ ಮಾತನ್ನು ಸ್ವಲ್ಪ ತಿರುವಿ ನೋಡೋಣ. 1923ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆ ಎಸ್. ಕೆ. ಬೋಲೆ ತಂದ ಠರಾವೊಂದನ್ನು ಪಾಸು ಮಾಡಿತು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು. ನಮ್ಮ ಬಿಜಾಪುರ ಜಿಲ್ಲೆ 1956ರ ತನಕ ಮುಂಬಯಿಗೇ ಸೇರಿತ್ತು. ಅಂದರೆ ಈ ನೆಲಕ್ಕೂ ಆ ಠರಾವು ಅನ್ವಯಿಸ್ತಿತ್ತು. ಮಹಾಡದ ನಗರಸಭೆಯೂ ತನ್ನ ಚವದಾರ್ ಕೆರೆ ಎಲ್ಲರದು ಎಂದು ಬರೆದುಕೊಂಡಿತು. ಕಾಗದ ಕಪಾಟಿನೊಳಗ ಉಳೀತು, ಕೆರೆ ಮೇಲ್ಜಾತಿಯವರ ಕೈಯೊಳಗ ಉಳೀತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರಿಗೆ ಕೈ ಹಾಕಿದರು. ಆವತ್ತು ಅದು ಸಾರ್ವಜನಿಕ ಕೆರೆ ಆಯಿತು.

ಗ್ರಂಥಾಲಯವೂ ಒಂದು ಕೆರೆಯೇ. ಕಾಗದದ ಮೇಲೆ ಅದು ಎಲ್ಲರದು. ಸಂವಿಧಾನದ 15ನೇ ವಿಧಿ ಅದನ್ನೇ ಹೇಳ್ತದ. ಆದರೆ ನಾನು ಕಂಡ ಒಂದೂರಿನಲ್ಲಿ, ಹೆಸರು ಬ್ಯಾಡ, ಗ್ರಂಥಾಲಯ ಗುಡಿಯ ಕಟ್ಟೆಗೆ ಹತ್ತಿಕೊಂಡೇ ಇತ್ತು. ಬೋರ್ಡಿನ ಮೇಲೆ 'ಸರ್ವರಿಗೂ ಸ್ವಾಗತ'. ಕಟ್ಟೆಯ ಮೇಲೆ ಊರ ಗೌಡರ ಕೂಟ. ನಮ್ಮ ಹುಡುಗರು ಒಳಗೆ ಹೋಗಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. 'ಏನೋ, ಇತ್ಲಾಗ್ಯಾಕ ಬಂದಿ?' ಅಂತ ಒಬ್ಬ ಕೇಳಿದರೆ ಸಾಕು, ಹುಡುಗ ಹೊರಳಿ ಮನಿಗೆ. ಇದು ಹೊಸ ಕಾಲದ ಮುಟ್ಟುಗೋಲು. ಕೈಯಿಂದ ತಳ್ಳುವುದಿಲ್ಲ, ಕಣ್ಣಿನಿಂದ ತಳ್ಳುತ್ತದೆ.

ಅಲ್ಲಿ ಹೋಗಿ ನಾವು ಯಾರ ಹಂಗಿನಲ್ಲೂ ಕೂಡುವುದಿಲ್ಲ. ಲೆಕ್ಕ ಕೇಳ್ರಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆ ಕಾಯ್ದೆಯ ಪ್ರಕಾರ ಮನೆಪಟ್ಟಿಯ ಮೇಲೆ ಗ್ರಂಥಾಲಯ ಕರ ಅಂತ ಇದೆ, ಈಗ ಅದು ನೂರಕ್ಕೆ 6. ನಿಮ್ಮ ಅಪ್ಪ ವರ್ಷಕ್ಕೆ 300 ರೂಪಾಯಿ ಮನೆಪಟ್ಟಿ ಕಟ್ಟಿದರೆ ಅದರ ಜೊತೆಗೆ 18 ರೂಪಾಯಿ ಗ್ರಂಥಾಲಯಕ್ಕೆ ಕಟ್ಟುತ್ತಾನೆ. ಪಂಚಾಯತಿ ಕೊಟ್ಟ ಪಾವತಿ ತೆಗೆದು ನೋಡ್ರಿ, ಅದರೊಳಗೆ ಬರೆದಿರ್ತದ. ಅಕ್ಷರ ಬಾರದ ನಮ್ಮ ಅವ್ವ ಅಪ್ಪ ಇಷ್ಟು ವರ್ಷ ಊರಿನವರ ಪೇಪರಿಗೂ ಪುಸ್ತಕಕ್ಕೂ ದುಡ್ಡು ಕೊಟ್ಟಾರ. ಅವರು ಕೊಟ್ಟದ್ದನ್ನು ಓದಿ ತೀರಿಸಬೇಕಾದವರು ನಾವು. ಅದೇ ಪಾವತಿಯಲ್ಲಿ ಭಿಕ್ಷುಕರ ಕರ ಅಂತಲೂ ಒಂದು ಸಾಲು ಇರ್ತದ. ಎರಡೂ ಸಾಲನ್ನು ಕಲಸಬ್ಯಾಡ್ರಿ. ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ನೀವು ಬೇಡಾಕ ಹೊಂಟಿಲ್ಲ.

ಇದು ನಮ್ಮೊಬ್ಬರ ಕತೆಯೂ ಅಲ್ಲ. ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಜಾಕ್ಸನ್ ಎನ್ನುವ ನಗರ. ಅಲ್ಲಿ ಬಿಳಿಯರಿಗೆ ದೊಡ್ಡ ಗ್ರಂಥಾಲಯ, ಕರಿಯರಿಗೆ ಸಣ್ಣದೊಂದು ಶಾಖೆ. 1961ರ ಮಾರ್ಚ್ 27ರಂದು ಟೂಗಲೂ ಕಾಲೇಜಿನ 9 ಮಂದಿ ಕರಿಯ ವಿದ್ಯಾರ್ಥಿಗಳು ಮೊದಲು ತಮ್ಮ ಶಾಖೆಗೆ ಹೋಗಿ ಪುಸ್ತಕ ಕೇಳಿದರು. ಅಲ್ಲಿ ಆ ಪುಸ್ತಕ ಇರಲಿಲ್ಲ. ಆಮೇಲೆ ದೊಡ್ಡ ಗ್ರಂಥಾಲಯಕ್ಕೆ ಹೋದರು, ಕುರ್ಚಿಯ ಮೇಲೆ ಕೂತು ಓದಲು ಶುರು ಮಾಡಿದರು. ಘೋಷಣೆ ಇಲ್ಲ, ಕಲ್ಲು ಇಲ್ಲ. ಪೊಲೀಸರು ಬಂದು ಹಿಡಿದುಕೊಂಡು ಹೋದರು. ನಿಮ್ಮದೇ ವಯಸ್ಸಿನವರು. ಸುಮ್ಮನೆ ಕೂತು ಓದುವುದು ಕೂಡ ಹೋರಾಟ ಆಗುವ ಸಮಾಜಗಳು ಇದ್ದವು, ಇವೆ.

ಬಾಬಾಸಾಹೇಬರ ಓದಿನ ಕತೆ ನಿಮಗೆ ಗೊತ್ತಿದೆ ಅಂತೀರಿ. ಜಯಂತಿ ದಿನ ಫೋಟೋಕ್ಕೆ ಹಾರ ಹಾಕುವಾಗ ಅವರ ಕೈಯೊಳಗಿನ ಪುಸ್ತಕ ನೋಡಿರ್ತೀರಿ. ಅದರ ಹಿಂದಿನ ಮಾತು ಕೇಳ್ರಿ. 1910ರಲ್ಲಿ ಬರೋಡದ ಸಯಾಜಿರಾವ್ ಮಹಾರಾಜರು ಅಮೆರಿಕದಿಂದ ಗ್ರಂಥಪಾಲಕರನ್ನು ಕರೆಸಿ ತಮ್ಮ ಸಂಸ್ಥಾನದಲ್ಲಿ ಜನರಿಗಾಗಿ ಗ್ರಂಥಾಲಯಗಳನ್ನು ಕಟ್ಟಿಸಿದರು. ಹಳ್ಳಿಗಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುವ ಏರ್ಪಾಡೂ ಇತ್ತು. ಅದೇ ಮಹಾರಾಜರ ವಿದ್ಯಾರ್ಥಿವೇತನದಿಂದ ಅಂಬೇಡ್ಕರ್ 1913ರಲ್ಲಿ ಅಮೆರಿಕಕ್ಕೆ ಹೋದರು. 1917ರಲ್ಲಿ ಬರೋಡದ ನೌಕರಿಗೆ ಬಂದರೆ ಇರಲು ಒಂದು ಖೋಲಿ ಸಿಗಲಿಲ್ಲ. ಪಾರಸಿಗಳ ಛತ್ರದಲ್ಲಿ ಇದ್ದರು, ಜಾತಿ ಗೊತ್ತಾದ ಮೇಲೆ ಕೋಲು ಹಿಡಿದು ಬಂದು ಹೊರಗೆ ಹಾಕಿದರು. ಪುಸ್ತಕಗಳಿಗೆ ಮನೆ ಇದ್ದ ಊರಿನಲ್ಲಿ ಪುಸ್ತಕ ಓದಿದ ಮನುಷ್ಯನಿಗೆ ಮನೆ ಇರಲಿಲ್ಲ. ಅದೇ ವರ್ಷ ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಯುದ್ಧದಲ್ಲಿ ಹಡಗಿನ ಜೊತೆಗೇ ಮುಳುಗಿದವು. ಆ ಮನುಷ್ಯ ಪುಸ್ತಕ ಕೊಳ್ಳುವುದು ಬಿಡಲಿಲ್ಲ. ಮುಂದೆ ಮುಂಬಯಿಯ ದಾದರಿನಲ್ಲಿ 'ರಾಜಗೃಹ' ಕಟ್ಟಿಸಿದಾಗ ತಮ್ಮ ಸಂಸಾರಕ್ಕೆ ಎಷ್ಟು ಜಾಗ ಬೇಕೋ ಅದಕ್ಕಿಂತ ಹೆಚ್ಚು ಜಾಗ ಪುಸ್ತಕಗಳಿಗೆ ಯೋಚಿಸಿದರು.

ಇನ್ನೊಂದು ಮಾತು ನಮಗೆ ಇನ್ನೂ ಹತ್ತಿರದ್ದು. 1924ರಲ್ಲಿ ಅವರು ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು. ಅದರ ಉದ್ದೇಶಗಳಲ್ಲಿ ಹಾಸ್ಟೆಲು ತೆರೆಯುವುದೂ ಇತ್ತು, ಗ್ರಂಥಾಲಯ ಮತ್ತು ಓದಿನ ಕೂಟಗಳನ್ನು ನಡೆಸುವುದೂ ಇತ್ತು. 1925ರಲ್ಲಿ ಆ ಸಭೆ ಒಂದು ಹಾಸ್ಟೆಲು ತೆರೆಯಿತು. ಎಲ್ಲಿ? ಸೊಲ್ಲಾಪುರದಲ್ಲಿ. ಇಂಡಿ ಕಡೆಯಿಂದ ಭೀಮಾ ಹೊಳೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಹಾಸ್ಟೆಲು ಮತ್ತು ಗ್ರಂಥಾಲಯ ಅವರ ಕಣ್ಣಿಗೆ ಒಂದೇ ಗಾಡಿಯ ಎರಡು ಗಾಲಿ. ನಾವು ಒಂದು ಗಾಲಿ ಹಿಡಕೊಂಡು ಇನ್ನೊಂದನ್ನ ಮರ್ತೀವಿ. ಊಟ, ಹಾಸಿಗೆ, ನೀರು, ಇವಕ್ಕೆ ಜಗಳ ಮಾಡ್ತೀವಿ, ಮಾಡಲೇಬೇಕು. ಹಾಸ್ಟೆಲಿನೊಳಗ ಪುಸ್ತಕದ ಕಪಾಟು ಯಾಕ ಖಾಲಿ ಅದ ಅಂತ ಎಷ್ಟು ಸಲ ಕೇಳೀವಿ?

ನಮ್ಮ ಜಿಲ್ಲೆಯ ಕಡೆಗೆ ಬರೋಣ. ಬಿಜಾಪುರದ ಆದಿಲಶಾಹಿ ಅರಸರ ಹಸ್ತಪ್ರತಿಗಳು ಅಸಾರ ಮಹಲಿನಲ್ಲಿದ್ದವು. 1853ರಲ್ಲಿ ಬ್ರಿಟಿಷರು ಅವನ್ನು ಲಂಡನ್ನಿಗೆ ಸಾಗಿಸಿದರು. ಅರಸರ ಪುಸ್ತಕ ಅರಸರಿಗೆ ಹೋದವು. ಅದೇ ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡೋಲೆ ಕೂಡಿಸಿ 1923ರಲ್ಲಿ 'ವಚನ ಶಾಸ್ತ್ರ ಸಾರ' ಅಚ್ಚು ಹಾಕಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆ ಮಾರಿದರು. ಅಂಥವರು ಇರದಿದ್ದರೆ ಬಸವಣ್ಣನ ಜೊತೆ ಮಾದಾರ ಧೂಳಯ್ಯ, ಉರಿಲಿಂಗಪೆದ್ದಿ, ಕಾಳವ್ವೆ ಇವರ ಮಾತೂ ಯಾರದೋ ಅಟ್ಟದ ಮೇಲೆ ಗೆದ್ದಲಿಗೆ ಆಹಾರ ಆಗ್ತಿತ್ತು. ವಚನಗಳನ್ನು ಓದಿ, ಸಂಶೋಧಿಸಿ, ಕಹಿಯಾದದ್ದನ್ನೂ ಬರೆದ ಎಂ. ಎಂ. ಕಲಬುರ್ಗಿ ಇದೇ ಸಿಂದಗಿ ತಾಲೂಕಿನ ಯರಗಲ್ಲದವರು. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಅವರಿಗೆ ಗುಂಡು ಹೊಡೆದರು. ಮುದ್ದೇಬಿಹಾಳದ ಅರವಿಂದ ಮಾಲಗತ್ತಿ 1994ರಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ಬರೆದು ನಮ್ಮ ಕೇರಿಯ ಬಾಲ್ಯವನ್ನು ಕನ್ನಡದ ಕಪಾಟಿನಲ್ಲಿ ಇಟ್ಟರು. ಬಾಗೇವಾಡಿಯಿಂದ ಮುದ್ದೇಬಿಹಾಳದ ತನಕ ಇದು ಪುಸ್ತಕದ ನೆಲ. ಆದರೂ ಓದು ನಮ್ಮದಲ್ಲ ಅಂತ ನಮ್ಮ ತಲಿಯೊಳಗ ಯಾರು ತುಂಬಿದರು?

1973 ನೆನಪು ಮಾಡಿಕೊಳ್ರಿ. ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದಂಗೆ ಎದ್ದಿತು, ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿದ್ದವು, ಅವರ ಮಂತ್ರಿಗಿರಿ ಹೋಯಿತು. ಆದರೆ ಆ ಪೆಟ್ಟು ತಿಂದ ಹಾಸ್ಟೆಲಿನ ಹುಡುಗರೇ ಮುಂದೆ ಪುಸ್ತಕ ಬರೆದರು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಬೂಸಾ ಯಾವುದು, ಕಾಳು ಯಾವುದು ಎಂದು ಹೇಳಬೇಕಾದರೆ ಮೊದಲು ರಾಶಿಯೊಳಗೆ ಕೈ ಹಾಕಬೇಕು. ಓದದೆ ಬೈಯುವ ಹಕ್ಕು ಯಾರಿಗೂ ಇಲ್ಲ, ನಮಗೂ ಇಲ್ಲ.

ಈಗ ಕೆಲಸದ ಮಾತು. ಈ ಸೂಟಿಯೊಳಗ ಏನು ಮಾಡಬೇಕು?

ಒಂದು, ನಿಮ್ಮ ಊರಿನ ಪಂಚಾಯತಿ ಗ್ರಂಥಾಲಯ ಹುಡುಕ್ರಿ. 2019ರಲ್ಲಿ ರಾಜ್ಯದ ಹಳ್ಳಿ ಗ್ರಂಥಾಲಯಗಳನ್ನು, 5,600ಕ್ಕೂ ಹೆಚ್ಚನ್ನು, ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದರು. ಈಗ ಅವಕ್ಕೆ 'ಅರಿವು ಕೇಂದ್ರ' ಎಂದು ಹೆಸರು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಮಾಡಿದರು. ನಿಮ್ಮ ತಮ್ಮ ತಂಗಿಯರನ್ನು ಕೈಹಿಡಿದು ಕರಕೊಂಡು ಹೋಗಿ ಹೆಸರು ಹಚ್ಚಿಸ್ರಿ. ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಸಿದರೆ ನಮ್ಮ ಕೇರಿಯ ಮಕ್ಕಳು ಹಿಂದಿನ ಸಾಲಿನಲ್ಲಿ ಕೂಡಬಾರದು. ಕತೆ ಹೇಳುವುದು, ಹಲಗೆ ಬಾರಿಸುವುದು, ಹಾಡು ಕಲಿಸುವುದು ನಿಮಗೆ ಬರ್ತದ. 'ನಾವೂ ಕಲಿಸ್ತೀವಿ' ಅಂತ ಮುಂದ ಬರ್ರಿ.

ಎರಡು, ಸಿಂದಗಿ, ಇಂಡಿಯಂಥ ಊರಲ್ಲಿ ಉಳಿಯುವವರು ಪೇಟೆಯ ಗ್ರಂಥಾಲಯಕ್ಕೆ ಹೋಗ್ರಿ. ಮನೆಗೆ ಪುಸ್ತಕ ಒಯ್ಯಬೇಕಾದರೆ ಠೇವಣಿ, ಜಾಮೀನು ಕೇಳ್ತಾರ. ಅಲ್ಲೇ ಕೂತು ಓದಲು ಯಾವ ಜಾಮೀನೂ ಬೇಡ. ದಿನಾ ಎರಡು ಮೂರು ಪತ್ರಿಕೆ ಮುಂದಿಟ್ಟುಕೊಂಡು ಒಂದೇ ಸುದ್ದಿ ಹೆಂಗ ಬೇರೆ ಬೇರೆ ಬರ್ದಾರ ನೋಡ್ರಿ. ನಮ್ಮ ಕೇರಿಯ ಸುದ್ದಿ ಎಷ್ಟು ಸಾಲು, ಮಠದ ಸುದ್ದಿ ಎಷ್ಟು ಸಾಲು ಎಣಿಸ್ರಿ. ಅದೂ ಒಂದು ವಿದ್ಯೆ.

ಮೂರು, ಇಲ್ಲದ ಪುಸ್ತಕ ಬರೆದು ಕೇಳ್ರಿ. ಬಾಬಾಸಾಹೇಬರ ಬರಹ ಭಾಷಣಗಳ ಸಂಪುಟಗಳು ಕನ್ನಡದಲ್ಲಿ ಬಂದಿವೆ. ನಿಮ್ಮೂರ ಕಪಾಟಿನಲ್ಲಿ ಅವು ಇವೆಯೇ? ಇದ್ದರೆ ಗಾಜಿನ ಹಿಂದೆ ಬೀಗದೊಳಗೆ ಇವೆಯೇ, ಕೈಗೆ ಸಿಗುತ್ತವೆಯೇ? ಬಾಯಿಮಾತಿನಲ್ಲಿ ಕೇಳಿದ್ದು ಗಾಳಿಗೆ ಹೋಗ್ತದ. ಅರ್ಜಿ ಬರೆದು ಕೊಡ್ರಿ, ಒಂದು ನಕಲು ನಿಮ್ಮ ಹತ್ರ ಇಟ್ಕೊಳ್ರಿ. ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಖರ್ಚಾಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಬಹುದು. ಆದರೆ ಅಲ್ಲಿ ಕೂತ ಗ್ರಂಥಪಾಲಕರ ಮೇಲೆ ಹರಿಹಾಯಬ್ಯಾಡ್ರಿ. ಹಳ್ಳಿಯ ಗ್ರಂಥಪಾಲಕರು ವರ್ಷಗಟ್ಟಲೆ ಪುಡಿಗಾಸಿನ ಗೌರವಧನದ ಮೇಲೆ ದುಡಿದವರು. ಅವರನ್ನು ನಮ್ಮ ಕಡೆ ಮಾಡಿಕೊಳ್ಳಬೇಕು.

ನಾಲ್ಕು, ಹುಡುಗಿಯರಿಗೆ ಈ ಮಾತು. ಸೂಟಿ ಅಂದ್ರ ನಿಮಗ ರೊಟ್ಟಿ, ನೀರು, ಕೂಸು ಆಡಿಸೋದು. 'ಹೆಣ್ಣು ಹುಡುಗಿ ಪೇಪರ್ ಓದಾಕ ಚಾವಡಿಗೆ ಹೋಗ್ತಾಳೇನು?' ಅಂತಾರ. ನಾಲ್ಕು ಜನ ಕೂಡಿ ಹೋಗ್ರಿ. ಅಣ್ಣ ತಮ್ಮಂದಿರು ಆ ಒಂದು ತಾಸು ಮನೆಯ ನೀರು ಹೊರಲಿ. ಕೇರಿಯ ಹೊರಗೆ ಸಮಾನತೆ ಕೇಳುವವರು ಮನೆಯೊಳಗೆ ಅದನ್ನು ಕೊಟ್ಟು ತೋರಿಸಬೇಕು.

ಐದು, ಗುಳೆ ಹೋಗುವವರು ಒಂದು ಪುಸ್ತಕ ಗಂಟಿನೊಳಗ ಕಟ್ಕೊಂಡು ಹೋಗ್ರಿ. ದಿನಕ್ಕೆ ಎರಡು ಪುಟ. ರಾತ್ರಿ ಶೆಡ್ಡಿನೊಳಗ ಅವ್ವಗ, ಅಪ್ಪಗ, ಜೊತೆಯವರಿಗೆ ಗಟ್ಟಿಯಾಗಿ ಓದಿ ಹೇಳ್ರಿ. ಅಕ್ಷರ ಬಾರದವರು ಕಿವಿಯಿಂದ ಓದ್ತಾರ. ಅವರು ಕೇಳುವ ಪ್ರಶ್ನೆಗೆ ಉತ್ತರ ಹುಡುಕಲು ನೀವು ಇನ್ನೊಂದು ಪುಸ್ತಕ ತೆಗೀಬೇಕಾಗ್ತದ.

ಕಡೆಯದಾಗಿ ನಮ್ಮೊಳಗಿನ ಮಾತು. ಊರೂರಿಗೆ ಅಂಬೇಡ್ಕರ್ ಭವನ ಎದ್ದಿವೆ. ಬಹಳ ಕಡೆ ಅದರ ಬೀಗ ತೆಗೆಯುವುದು ಏಪ್ರಿಲ್ 14ಕ್ಕೆ ಮತ್ತು ಮದುವೆಗೆ. ಜಯಂತಿಗೆ ಪಟ್ಟಿ ಎತ್ತುತ್ತೇವೆ. ಡಿಜೆಗೆ ಕೊಡುವ ಹಣದಲ್ಲಿ ಕಾಲು ಭಾಗ ತೆಗೆದಿಟ್ಟರೆ ಒಂದು ಕಪಾಟು, ನಾಲ್ಕು ಬೆಂಚು, ಐವತ್ತು ಪುಸ್ತಕ ಬರ್ತಾವ. ಎರಡು ತಿಂಗಳು ಆ ಭವನ ಮಧ್ಯಾಹ್ನ ತೆರೆದಿರಲಿ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ನೆರಳು, ನೀರಿನ ಗಡಿಗೆ, ಪುಸ್ತಕ. ಇಷ್ಟಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ. ಹಾಸ್ಟೆಲಿನ ಓದುವ ಕೋಣೆಯನ್ನು ಬೇಸಿಗೆಯಲ್ಲೂ ತೆರೆದಿಡಿ ಎಂದು ಕೇಳಲು ಮಾತ್ರ ಅರ್ಜಿ ಬೇಕು. ಆ ಅರ್ಜಿ ಇವತ್ತೇ ಬರೆಯೋಣ, ಇಲ್ಲೇ ಸಹಿ ಹಾಕೋಣ.

ಗ್ರಂಥಾಲಯಗಳು ಈಗ ನೌಕರಿ ಪರೀಕ್ಷೆಯ ಗೈಡು ಓದುವವರಿಂದ ತುಂಬಿವೆ. ಓದ್ರಿ, ನೌಕರಿ ಹಿಡೀರಿ, ಮನಿ ಹಸಿವು ಇಂಗಿಸ್ರಿ. ಆದರೆ ಗೈಡಿನ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇರಲಿ. ಗೈಡಷ್ಟೇ ಓದಿದವನು ನಾಳೆ ಸಾಹೇಬನಾಗಿ ಕೇರಿಗೆ ಬಂದು ಮೂಗು ಮುಚ್ಚಿಕೊಳ್ತಾನ. ಆ ಇನ್ನೊಂದು ಪುಸ್ತಕ ಓದಿದವನು ಬಂದು ಗಟಾರ ಯಾಕ ತುಂಬೇದ ಅಂತ ಕೇಳ್ತಾನ.

ಜೂನಿನಲ್ಲಿ ಮತ್ತೆ ಸೇರೋಣ. ಆಗ ನಾನು ಭಾಷಣ ಮಾಡುವುದಿಲ್ಲ. ನೀವು ಒಬ್ಬೊಬ್ಬರೂ ಎದ್ದು ನಿಂತು ಸೂಟಿಯಲ್ಲಿ ಓದಿದ್ದನ್ನು ಹೇಳಬೇಕು. ಕೇಳಾಕ ನಾನು ಹಿಂದಿನ ಸಾಲಿನೊಳಗ ಕೂತಿರ್ತೀನಿ.

ಜೈ ಭೀಮ್.