ಬ್ಲೀಚಿಂಗ್ ಪುಡಿಯ ಲೆಕ್ಕ

(ಅಂಬ್ಲಿಗೊಳದಲ್ಲಿ ಮಾಡಿದ ಭಾಷಣ)



ಜಲಾಶಯದಿಂದ ಹೆಸರಾದ ಊರಿಗೆ ಬಂದು ನೀರಿನ ಮಾತಾಡುವುದು ವಿಚಿತ್ರವೆನಿಸಬಹುದು. ಆದರೆ ಗದ್ದೆಗೆ ಹರಿಯುವ ನೀರು ಬೇರೆ, ಕೊಡ ತುಂಬುವ ನೀರು ಬೇರೆ. ಕುಡಿಯುವ ನೀರು ಬಾವಿಯಿಂದಲೋ ಪಂಚಾಯಿತಿಯ ಟ್ಯಾಂಕಿನಿಂದಲೋ ಬರಬೇಕು. ಅದು ಕೆಟ್ಟರೆ ಏನಾಗುತ್ತದೆಂಬುದನ್ನು 2023ರ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ಕಂಡಿತು. ನಲ್ಲಿಯ ನೀರು ಕುಡಿದವರು ವಾಂತಿಭೇದಿಗೆ ಸಿಕ್ಕಿ ಸತ್ತರು. ಅನೇಕರು ಆಸ್ಪತ್ರೆ ಸೇರಿದರು. ಅದು ದುಡಿದು ತಿನ್ನುವವರ ಬಡಾವಣೆ.

ಇಂಥ ಸುದ್ದಿ ಬಂದ ಮರುದಿನ ಎಲ್ಲ ಊರುಗಳಲ್ಲೂ ಒಂದು ದೃಶ್ಯ ನೋಡುತ್ತೇವೆ. ಚರಂಡಿಯ ಅಂಚಿಗೆ ಬಿಳಿಯ ಪುಡಿಯನ್ನು ರಂಗೋಲಿಯಂತೆ ಎಳೆದು ಹೋಗುತ್ತಾರೆ. ಕಣ್ಣಿಗೆ ಸಮಾಧಾನ, ರೋಗಕ್ಕೇನೂ ಬಾಧೆಯಿಲ್ಲ! ಅದೇ ಪುಡಿಯನ್ನು ಅಳೆದು ನೀರಿಗೆ ಹಾಕಿದ್ದರೆ ಜೀವ ಉಳಿಯುತ್ತಿತ್ತು. ಆದ್ದರಿಂದ ಇಂದು ಈ ಪುಡಿಯನ್ನು ಕೊಳ್ಳುವ ಮತ್ತು ಬಳಸುವ ಬಗೆಯನ್ನು ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಅದರ ಮೇಲೆ ಕ್ಲೋರಿನ್ ಅನಿಲ ಹಾಯಿಸಿದರೆ ಬ್ಲೀಚಿಂಗ್ ಪುಡಿ. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಎಂಬಾತ ಬಟ್ಟೆಯನ್ನು ಬಿಳುಪು ಮಾಡಲೆಂದು ಇದಕ್ಕೆ ಹಕ್ಕುಪತ್ರ ಪಡೆದ. ಹೀಗೆ ಇದು ಹುಟ್ಟಿದ್ದು ಗಿರಣಿಯ ಸರಕಾಗಿ. ಇದರೊಳಗೆ ಅಡಗಿರುವ ಕ್ಲೋರಿನ್ನನ್ನೇ 1915ರ ಏಪ್ರಿಲ್ 22ರಂದು ಈಪ್ರ ರಣಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟರು. ಹನಿಯಷ್ಟಿದ್ದರೆ ರಕ್ಷಕ, ಮೋಡದಷ್ಟಾದರೆ ಯಮ.

ಈಗ ಕೊಳ್ಳುವ ಮಾತು. ಹೊಸದಾದ ಒಳ್ಳೆಯ ಪುಡಿಯಲ್ಲಿ ನೂರಕ್ಕೆ ಸುಮಾರು 33 ಪಾಲು ಕೆಲಸಕ್ಕೆ ಬರುವ ಕ್ಲೋರಿನ್ ಇರುತ್ತದೆ. ಗಾಳಿ, ಬೆಳಕು, ತೇವ, ಶಾಖ, ಈ ನಾಲ್ಕೂ ಅದನ್ನು ಕದಿಯುತ್ತವೆ. ಬೇಸಗೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಮೂಟೆಗಟ್ಟಲೆ ಕೊಂಡು ತಗಡಿನ ಮಾಡಿನ ಕೆಳಗೆ ಒಟ್ಟಿದರೆ, ಮಲೆನಾಡಿನ ಮಳೆ ಹಿಡಿಯುವ ಹೊತ್ತಿಗೆ ಮೂಟೆ ಇದ್ದಷ್ಟೇ ಇರುತ್ತದೆ. ಒಳಗಿನದು ಬಹುಪಾಲು ಬರೀ ಸುಣ್ಣವಾಗಿರುತ್ತದೆ. ತೂಕ ಸರಿ, ಬಿಲ್ಲು ಸರಿ, ನೀರು ಮಾತ್ರ ಹಾಗೆಯೇ. ಇದು ಪುಡಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಜನ ನಂಬಿ ಕುಡಿಯುತ್ತಾರೆ. ಆದಕಾರಣ ತಯಾರಾದ ತಿಂಗಳನ್ನು ಓದದೆ ಕೊಳ್ಳಕೂಡದು. ಗಂಟುಕಟ್ಟಿದ್ದರೆ, ಒದ್ದೆಯಾಗಿದ್ದರೆ, ಘಾಟು ಸತ್ತಿದ್ದರೆ ಹಿಂದಕ್ಕೆ ಕೊಡಿ. ಒಂದೆರಡು ತಿಂಗಳಿಗೆ ಬೇಕಾದಷ್ಟನ್ನೇ ತನ್ನಿ.

ಅಂಗಡಿ ಇಟ್ಟಿರುವ ಮಿತ್ರರಿಗೆ ಒಂದು ವಿಜ್ಞಾಪನೆ. ಕಬ್ಬಿಣದ ಡಬ್ಬ ಬೇಡ, ಅದನ್ನು ಈ ಪುಡಿ ತಿಂದುಹಾಕುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ನೆಲ ಬಿಟ್ಟು ಹಲಗೆಯ ಮೇಲೆ ಇಡಿ. ಪಕ್ಕದಲ್ಲಿ ಪಾಯಖಾನೆ ತೊಳೆಯುವ ಆಸಿಡ್ ಸೀಸೆ ಇರಲೇಕೂಡದು. ಎರಡೂ ಕೂಡಿದರೆ ಆ ರಣಭೂಮಿಯ ಅನಿಲವೇ ನಿಮ್ಮ ಅಂಗಡಿಯಲ್ಲಿ ಏಳುತ್ತದೆ. ಸೀಮೆ ಎಣ್ಣೆ, ಗೊಬ್ಬರ ಇವುಗಳಿಂದಲೂ ದೂರವಿಡಿ. ಪಟ್ಟಣದ ಈಜುಕೊಳಗಳಿಗೆ ಹಾಕುವ ಕ್ಲೋರಿನ್ ಮಾತ್ರೆಗಳೂ ಈಗ ಮಾರಾಟಕ್ಕೆ ಬಂದಿವೆ. ಇವು ಒಂದೇ ಜಾತಿಯೆಂದು ತಿಳಿದು ಒಂದೇ ಡಬ್ಬಕ್ಕೆ ಸುರಿಯುವವರಿದ್ದಾರೆ. ಆ ಮಾತ್ರೆಗೂ ಈ ಪುಡಿಗೂ ಆಗದು. ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಅಮೆರಿಕದ ಕಾನಿಯರ್ಸ್ ಊರಿನಲ್ಲಿ 2024ರ ಸೆಪ್ಟೆಂಬರ್ 29ರಂದು ಈಜುಕೊಳದ ಔಷಧಿಗಳ ಕಾರ್ಖಾನೆಯಲ್ಲಿ ದಾಸ್ತಾನಿಗೆ ನೀರು ತಗುಲಿ, ಹೊಗೆಯ ಮೋಡವೆದ್ದು, ಸುಮಾರು 17,000 ಜನ ಮನೆ ಬಿಟ್ಟು ಹೋಗಬೇಕಾಯಿತು. ಮಾಡು ಸೋರುವ ನಮ್ಮ ಕೋಣೆಗಳನ್ನು ನೆನೆದುಕೊಳ್ಳಿ.

ಇನ್ನು ಅಳತೆ. 1,000 ಲೀಟರ್ ತಿಳಿನೀರಿಗೆ ಒಳ್ಳೆಯ ಪುಡಿ ಸುಮಾರು ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ, ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ ನಾಲ್ಕರಿಂದ ಭಾಗಿಸಿರಿ. 9.42 ಘನ ಮೀಟರ್, ಅರ್ಥಾತ್ 9,420 ಲೀಟರ್. ಪುಡಿ ಸುಮಾರು 24 ಗ್ರಾಂ. ಶಾಲೆಯಲ್ಲಿ ಈ ಲೆಕ್ಕಕ್ಕೆ ಬೆತ್ತದೇಟು ತಿಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಅದು ಇಂದಿಗೆ ಉಪಯೋಗಕ್ಕೆ ಬಂತು. ಪುಡಿಯ ಸತ್ವ ಅರ್ಧಕ್ಕಿಳಿದಿದ್ದರೆ ಅಳತೆ ಇಮ್ಮಡಿ. ಕೆಸರು ನೀರಿಗೆ ಈ ಲೆಕ್ಕ ಸಾಲದು.

ಪುಡಿಯನ್ನು ನೇರವಾಗಿ ಬಾವಿಗೆ ಎಸೆಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಮೊದಲು ಗಂಜಿಯಂತೆ ಕಲಸಿ, ಆಮೇಲೆ ನೀರು ಕೂಡಿಸಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬೇರೆ ಬಕೆಟಿಗೆ ಬಗ್ಗಿಸಿ, ಹಗ್ಗದಿಂದ ಇಳಿಬಿಟ್ಟು ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ರಾತ್ರಿ ಮಾಡಿದರೆ ಉತ್ತಮ; ಕಡೆಯಪಕ್ಷ ಒಂದು ಗಂಟೆ ಯಾರೂ ಸೇದಬಾರದು. ಬಳಿಕ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ನೀರಿನಲ್ಲಿ ಉಳಿದಿರಬೇಕು. ಆರೋಗ್ಯ ಇಲಾಖೆಯವರ ಬಳಿ ಅದಕ್ಕೆ ಪರೀಕ್ಷಾ ಪೆಟ್ಟಿಗೆಯಿದೆ, ತರಿಸಿ ನೋಡಿ. ಮೂಗಿನಿಂದ ಅಳೆಯುವುದು ಅಳತೆಯಲ್ಲ.

ಇದನ್ನೆಲ್ಲ ಮಾಡುವವನು ಯಾರು? ನಮ್ಮ ನೀರುಗಂಟಿ. ಬರಿಗೈಯಲ್ಲಿ ಪುಡಿ ಬಾಚಿ, ಮೂಗಿಗೆ ಟವಲು ಸುತ್ತಿ ಟ್ಯಾಂಕು ಹತ್ತುತ್ತಾನೆ. ಅಕ್ಕಿ ಗಿರಣಿಯ ತೌಡಿನ ಧೂಳು ಎದೆಗೆ ಏನು ಮಾಡುತ್ತದೆಂದು ಬಲ್ಲ ನಿಮಗೆ ಈ ಧೂಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಣ್ಣು ಉರಿಯುತ್ತದೆ, ಚರ್ಮ ಸುಡುತ್ತದೆ, ಉಸಿರು ಕಟ್ಟುತ್ತದೆ. ರಬ್ಬರಿನ ಕೈಚೀಲ, ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಮುಸುಕು, ಇವು ಪುಡಿಯ ಬಿಲ್ಲಿನಲ್ಲೇ ಸೇರತಕ್ಕದ್ದು, ದಯೆಯ ದಾನವಲ್ಲ. ಕಲಸುವಾಗ ಅವನು ಗಾಳಿಗೆ ಬೆನ್ನು ಕೊಟ್ಟು ನಿಲ್ಲಲಿ. ಕಣ್ಣಿಗೆ ಹಾರಿದರೆ ಕಾಲು ಗಂಟೆ ಸತತ ತಣ್ಣೀರು ಹುಯ್ದು ವೈದ್ಯರಲ್ಲಿಗೆ ಕರೆದೊಯ್ಯಿರಿ, ಉಜ್ಜಬಾರದು.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಈಗಿರುವ ಚೀಲ ಯಾವ ತಿಂಗಳಿನದೆಂದು ಕೇಳಿರಿ. ಉತ್ತರ ಬಾರದಿದ್ದರೆ ಚೀಲವನ್ನೇ ಸಭೆಗೆ ತರಿಸಿರಿ. ಮತ್ತೆ, ಖಾಲಿಯಾದ ಚೀಲಗಳನ್ನು ಒಗೆದು ನುಚ್ಚು ತುಂಬಲು ಒಯ್ಯುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಈ ವಾರದಿಂದಲೇ ಬಿಡಬೇಕು.