ಕಂಡದ್ದು ಮತ್ತು ಕಲ್ಪಿಸಿದ್ದು



ರಂಗದ ಮೇಲೆ ಹರಿಶ್ಚಂದ್ರನು ಚಂದ್ರಮತಿಯ ಮೇಲೆ ಕತ್ತಿಯೆತ್ತಿದಾಗ ನಮ್ಮ ಕಣ್ಣು ತೇವವಾಗುತ್ತದೆ. ಆದರೂ ಅವನ ಕೈ ಹಿಡಿಯಲು ಯಾರೂ ಧಾವಿಸುವುದಿಲ್ಲ. ದುಃಖವು ನಿಜ, ಪ್ರಸಂಗವು ಕಲ್ಪಿತ. ಇವೆರಡನ್ನೂ ಮನಸ್ಸು ಏಕಕಾಲದಲ್ಲಿ ಧರಿಸುವ ಬಗೆ ಹೇಗೆ?

ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿದ್ದರು. ರಂಗದ ರಾಮನನ್ನು ಕಂಡಾಗ ಉಂಟಾಗುವ ಅರಿವು ಯಥಾರ್ಥಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ; ಚಿತ್ರದ ಕುದುರೆಯನ್ನು ಕುದುರೆಯೆಂದು ತಿಳಿಯುವಂಥ ಬೇರೊಂದು ಪ್ರತೀತಿ ಎಂಬುದು ಶ್ರೀಶಂಕುಕನ ಮತ. ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಇದನ್ನು ಎತ್ತಿಕೊಂಡು ವಿಮರ್ಶಿಸಿದ್ದಾನೆ. ಚಿತ್ರದ ಕುದುರೆಗೆ ಯಾರೂ ಹುಲ್ಲು ಹಾಕುವುದಿಲ್ಲವಷ್ಟೆ.

ಆದರೆ ಚಿತ್ರಕ್ಕೆ ಚೌಕಟ್ಟುಂಟು, ನಾಟಕಕ್ಕೆ ತೆರೆಯುಂಟು. ಇಂಥ ಗುರುತುಗಳಿಲ್ಲದೆಡೆ ಮನಸ್ಸಿನ ಗತಿಯೇನು? 1910ರಲ್ಲಿ ಅಮೆರಿಕದ ಚೀವ್ಸ್ ಪರ್ಕಿ ಎಂಬ ವಿದುಷಿಯು ಒಂದು ಪ್ರಯೋಗವನ್ನು ಪ್ರಕಟಿಸಿದರು. ಪರದೆಯನ್ನು ನೋಡುತ್ತ ಬಾಳೆಯ ಹಣ್ಣನ್ನೋ ಕಿತ್ತಳೆಯನ್ನೋ ಭಾವಿಸಿಕೊಳ್ಳಿರೆಂದು ಹೇಳಿ, ನೋಡುವವರಿಗೆ ತಿಳಿಯದಂತೆ ಅದೇ ವಸ್ತುವಿನ ಮಸುಕಾದ ಬಿಂಬವನ್ನು ಪರದೆಯ ಮೇಲೆ ಮೂಡಿಸಲಾಯಿತು. ನೋಡಿದವರು ಅದನ್ನು ತಮ್ಮ ಕಲ್ಪನೆಯೆಂದೇ ನಂಬಿದರು!

ಇದರಿಂದ ತಿಳಿಯುವುದೇನೆಂದರೆ, ಕಂಡದ್ದರ ಮೇಲೆ ಇದು ನಿಜವೆಂಬ ಮುದ್ರೆಯಾವುದೂ ಇರುವುದಿಲ್ಲ. ಮನಸ್ಸು ಲಕ್ಷಣಗಳನ್ನು ನೋಡಿ ನಿರ್ಣಯಿಸುತ್ತದೆ. ನೆನಪಿನ ವಿಷಯದಲ್ಲಿಯೂ ಹೀಗೆಯೇ ಎಂದು 1981ರಲ್ಲಿ ಮಾರ್ಸಿಯಾ ಜಾನ್ಸನ್ ಮತ್ತು ಕ್ಯಾರಲ್ ರೇ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿದರು. ಕಂಡದ್ದರ ನೆನಪಿನಲ್ಲಿ ಬಣ್ಣ, ಧ್ವನಿ, ಸ್ಥಳ, ಕಾಲ ಇವುಗಳ ವಿವರವು ಹೆಚ್ಚು. ಕಲ್ಪಿಸಿದ್ದರಲ್ಲಿ ಮನಸ್ಸು ತಾನು ಪಟ್ಟ ಶ್ರಮದ ಜಾಡು ಹೆಚ್ಚು. ಈ ಅಂತರವನ್ನು ತೂಗಿಯೇ ನಾವು ಇದು ನಡೆದದ್ದು, ಇದು ನೆನೆದದ್ದು ಎನ್ನುವುದು.

ಅಪಾಯವಿರುವುದೂ ಇಲ್ಲಿಯೇ. ಕಾಲ ಕಳೆದಂತೆ ಸಂಗತಿಯು ಉಳಿದು, ಅದು ಬಂದ ಮೂಲವು ಮರೆತುಹೋಗಬಹುದು. ಮತ್ತೆ ಮತ್ತೆ ಚಿತ್ರಿಸಿಕೊಂಡ ಕಲ್ಪನೆಗೆ ಬಣ್ಣವೂ ವಿವರವೂ ಕೂಡಿ, ಕಂಡದ್ದರ ರೂಪವೇ ಬಂದೀತು. ನ್ಯಾಯಸ್ಥಾನದಲ್ಲಿ ಪ್ರಮಾಣಮಾಡಿ ನಿಂತ ಸಾಕ್ಷಿಯು ಸುಳ್ಳಾಡುವ ಉದ್ದೇಶವಿಲ್ಲದೆಯೇ ನಡೆಯದುದನ್ನು ನುಡಿದಾನು. ನಿರಪರಾಧಿಯೊಬ್ಬನು ಸೆರೆಮನೆ ಸೇರಿಯಾನು. ನೆರೆಯವರ ವಿಷಯದಲ್ಲಿ ಹಬ್ಬುವ ಅಪವಾದಕ್ಕೂ ಇದೇ ದಾರಿ.

ಆದುದರಿಂದ ಅನ್ಯರ ಮಾನಪ್ರಾಣಗಳಿಗೆ ಸಂಬಂಧಿಸಿದ ಮಾತನ್ನಾಡುವ ಮುನ್ನ, ಇದನ್ನು ನಾನು ಕಂಡೆನೆ, ಕೇಳಿದೆನೆ, ಊಹಿಸಿದೆನೆ ಎಂದು ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳುವುದು ಒಳಿತು. ಉತ್ತರವು ಸ್ಪಷ್ಟವಾಗದಿದ್ದರೆ ಆ ಮಾತನ್ನು ತಡೆದಿರಿಸುವುದೇ ಲೇಸು.