ಬಂದವರು ಎಲ್ಲಿ ಕೂರಬೇಕು?



ಅಮೆರಿಕದ ಸಣ್ಣ ಪಟ್ಟಣಗಳ ರಸ್ತೆಗಳಲ್ಲಿ ಹೋಗುವವರಿಗೆ ಆಗಾಗ ಒಂದು ಫಲಕ ಕಣ್ಣಿಗೆ ಬೀಳುತ್ತದೆ. ಬಿಳಿಯ ಗುರಾಣಿ, ಅದರ ಮೇಲೆ ಕೆಂಪು ಶಿಲುಬೆ, ಮೇಲಿನ ಎಡ ಮೂಲೆಯ ನೀಲಿ ಚೌಕದಲ್ಲಿ ಒಂಬತ್ತು ಪುಟ್ಟ ಬಿಳಿ ಶಿಲುಬೆಗಳು. ‘ಎಪಿಸ್ಕೋಪಲ್ ಚರ್ಚು ನಿಮ್ಮನ್ನು ಸ್ವಾಗತಿಸುತ್ತದೆ’ ಎಂಬ ಬರಹ. ಒಂಬತ್ತು ಶಿಲುಬೆಗಳೆಂದರೆ 1789ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ಈ ಚರ್ಚಿಗೆ ಒಂದು ಸಂವಿಧಾನ ಕೊಟ್ಟ ಒಂಬತ್ತು ಸಭಾಪ್ರಾಂತ್ಯಗಳು.

ಈ ಚರ್ಚು ಯಾವುದೆಂದು ಕನ್ನಡಿಗರಿಗೆ ತಿಳಿಸುವುದು ಕಷ್ಟವೇನಲ್ಲ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲನ್ನು ನೋಡಿದವರು ಅದರ ಒಬ್ಬ ದಾಯಾದಿಯನ್ನು ನೋಡಿದಂತೆಯೇ. ಎರಡರ ಮೂಲವೂ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚು. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿನ ಆಂಗ್ಲಿಕನ್ನರು ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡುವಂತಿರಲಿಲ್ಲ. ಆದ್ದರಿಂದ ತಮ್ಮದೇ ಚರ್ಚು ಕಟ್ಟಿಕೊಂಡರು. ಬಿಷಪ್ಪರ ಆಡಳಿತ ಉಳ್ಳದ್ದು ಎಂಬರ್ಥದಲ್ಲಿ ಅದಕ್ಕೆ ‘ಎಪಿಸ್ಕೋಪಲ್’ ಎಂಬ ಹೆಸರು ಬಂತು.

ಆ ಫಲಕವನ್ನು ನಂಬಿ ಒಬ್ಬ ಹೊಸಬ ಒಂದು ಭಾನುವಾರ ಒಳಗೆ ಹೋದನೆನ್ನಿ. ಬಾಗಿಲಲ್ಲಿ ಯಾರೋ ಕೈಕುಲುಕಿ, ಅಂದಿನ ಆರಾಧನೆಯ ಕ್ರಮ ಅಚ್ಚಾದ ಒಂದು ಕಾಗದ ಕೊಡುತ್ತಾರೆ. ಕನ್ನಡ ನಾಡಿನ ಮದುವೆ ಮನೆಯಲ್ಲೂ ಇಷ್ಟು ಆಗುತ್ತದೆ. ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಡುತ್ತಾರೆ. ಆದರೆ ಪರಿಚಯದವರು ಯಾರೂ ಇಲ್ಲದೆ ಮದುವೆಗೆ ಹೋದವನಿಗೆ ಗೊತ್ತು, ನಿಜವಾದ ಪರೀಕ್ಷೆ ಪನ್ನೀರಿನದಲ್ಲ. ಆಮೇಲೆ ಎಲ್ಲಿ ಕೂರಬೇಕು, ಯಾವ ಪಂಕ್ತಿಗೆ ಯಾರು ಕರೆಯುತ್ತಾರೆ ಎಂಬುದು. ಎಪಿಸ್ಕೋಪಲ್ ಚರ್ಚಿನ ಎರಡು ಶತಮಾನದ ಸ್ವಾಗತದ ಇತಿಹಾಸವೂ ಬಹುಪಾಲು ಈ ಆಸನದ ಸುತ್ತಲೇ ತಿರುಗಿದೆ.

ಆ ಇತಿಹಾಸದ ಮೊದಲ ಪುಟ ಬೇರೊಂದು ಚರ್ಚಿನಲ್ಲಿ ತೆರೆದುಕೊಳ್ಳುತ್ತದೆ. ಅಬ್ಸಲೋಮ್ ಜೋನ್ಸ್ 1746ರಲ್ಲಿ ಡೆಲವೇರ್‌ನಲ್ಲಿ ಗುಲಾಮನಾಗಿ ಹುಟ್ಟಿದವನು. ದುಡಿದು ಕೂಡಿಟ್ಟ ಹಣದಲ್ಲಿ ಮೊದಲು ಹೆಂಡತಿಯ ಬಿಡುಗಡೆಯನ್ನು ಕೊಂಡ. ತಾನು ಸ್ವತಂತ್ರನಾದದ್ದು 1784ರಲ್ಲಿ. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿಗೆ ಅವನೂ ಗೆಳೆಯ ರಿಚರ್ಡ್ ಆಲನ್‌ನೂ ಹೋಗುತ್ತಿದ್ದರು. ಇವರಿಂದಾಗಿ ಕಪ್ಪು ಜನರ ಸಂಖ್ಯೆ ಹೆಚ್ಚಿತು. ಹೆಚ್ಚಿದಂತೆ ಅವರ ಜಾಗವನ್ನು ಬದಲಿಸಲಾಯಿತು. ಒಂದು ಭಾನುವಾರ, 1787ರಲ್ಲೆಂದು ಕೆಲವರು, 1792ರಲ್ಲೆಂದು ಇನ್ನು ಕೆಲವರು ಹೇಳುತ್ತಾರೆ, ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಜೋನ್ಸ್‌ನನ್ನು ಚರ್ಚಿನ ಟ್ರಸ್ಟಿಯೊಬ್ಬ ಹಿಡಿದು ಮೇಲೆಬ್ಬಿಸಲು ಬಂದ. ಅದು ಅವನ ಜಾಗವಲ್ಲವಂತೆ. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಬೇಕೆಂದು ಜೋನ್ಸ್ ಕೇಳಿಕೊಂಡ. ಅವರು ತಾಳಲಿಲ್ಲ. ಪ್ರಾರ್ಥನೆ ಮುಗಿದೊಡನೆ ಕಪ್ಪು ಜನರೆಲ್ಲ ಒಟ್ಟಾಗಿ ಎದ್ದು ಹೊರನಡೆದರು.

ಹೊರಬಂದವರು ತಮ್ಮದೇ ಚರ್ಚು ಕಟ್ಟಿದರು. 1794ರ ಜುಲೈ 17ರಂದು ಅದರ ಬಾಗಿಲು ತೆರೆಯಿತು. ಬಹುಮತದಿಂದ ಎಪಿಸ್ಕೋಪಲ್ ಚರ್ಚನ್ನು ಸೇರಲು ನಿರ್ಧರಿಸಿ, ‘ಆಫ್ರಿಕನ್ ಎಪಿಸ್ಕೋಪಲ್ ಚರ್ಚ್ ಆಫ್ ಸೇಂಟ್ ಥಾಮಸ್’ ಎಂದು ಹೆಸರಿಟ್ಟರು. ತಮ್ಮ ಆಡಳಿತ ತಮ್ಮ ಕೈಯಲ್ಲೇ ಇರಬೇಕು, ಜೋನ್ಸ್‌ನೇ ತಮ್ಮ ಸಭಾಪಾಲಕನಾಗಬೇಕು ಎಂಬ ಅವರ ಷರತ್ತುಗಳಿಗೆ ಬಿಷಪ್ ಒಪ್ಪಿದರು. 1795ರಲ್ಲಿ ಜೋನ್ಸ್ ಡೀಕನ್ ಆದ. ಮುಂದೆ ಈ ಚರ್ಚಿನ ಮೊದಲ ಕಪ್ಪು ಪಾದ್ರಿಯಾದ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸುಖಾಂತ ಕಥೆ. ಆದರೆ ಆ ಕಡೆಯಿಂದಲೂ ಒಂದು ಷರತ್ತು ಇತ್ತು. ಸಭಾಪ್ರಾಂತ್ಯದ ವಾರ್ಷಿಕ ಸಮ್ಮೇಳನಕ್ಕೆ ಸೇಂಟ್ ಥಾಮಸ್ ಸಭೆ ಪ್ರತಿನಿಧಿಗಳನ್ನು ಕಳಿಸುವಂತಿರಲಿಲ್ಲ. ಈ ನಿರ್ಬಂಧ 1860ರ ದಶಕದವರೆಗೆ ಉಳಿಯಿತು. ಚರ್ಚು ಅವರನ್ನು ಸೇರಿಸಿಕೊಂಡಿತು, ಕುರ್ಚಿ ಕೊಡಲಿಲ್ಲ. ಸ್ವಾಗತ ಎಂಬ ಮಾತಿನ ಆಳವನ್ನು ಅಳೆಯಬೇಕಾದವರು ಈ ಎಪ್ಪತ್ತು ವರ್ಷಗಳನ್ನು ಮರೆಯುವಂತಿಲ್ಲ.

ಬಣ್ಣದ ಮಾತು ಹಾಗಿರಲಿ. ಬಿಳಿಯರಲ್ಲೇ ಬಡವನಾದವನಿಗೂ ಜಾಗ ಸುಲಭವಾಗಿರಲಿಲ್ಲ. ಆ ಕಾಲದ ಚರ್ಚುಗಳಲ್ಲಿ ಬೆಂಚುಗಳು ಮಾರಾಟಕ್ಕೆ ಅಥವಾ ಬಾಡಿಗೆಗೆ ಇದ್ದವು. ವೇದಿಕೆಗೆ ಹತ್ತಿರವಾದಷ್ಟೂ ಬೆಲೆ ಏರುತ್ತಿತ್ತು. ಎಷ್ಟೋ ಕಡೆ ಬೆಂಚಿಗೆ ಪುಟ್ಟ ಬಾಗಿಲು, ಬಾಗಿಲಿಗೆ ಕುಟುಂಬದ ಹೆಸರು. ವರ್ಜೀನಿಯಾದ ಅಲೆಕ್ಸಾಂಡ್ರಿಯಾದ ಕ್ರೈಸ್ಟ್ ಚರ್ಚಿನಲ್ಲಿ ಜಾರ್ಜ್ ವಾಷಿಂಗ್ಟನ್ ಹಣ ಕೊಟ್ಟು ಕೊಂಡ ಬೆಂಚಿನ ಜಾಗವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಪಾದ್ರಿಯ ಸಂಬಳ, ಕಟ್ಟಡದ ದುರಸ್ತಿ ಎಲ್ಲವೂ ಈ ಬಾಡಿಗೆಯಿಂದ ನಡೆಯಬೇಕಿತ್ತಾದ್ದರಿಂದ ಇದನ್ನು ಕೇವಲ ದುರಹಂಕಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸರ್ಕಾರದ ದುಡ್ಡಿಲ್ಲದ ದೇಶದಲ್ಲಿ ಚರ್ಚು ಬದುಕಲು ಕಂಡುಕೊಂಡ ದಾರಿ ಅದು. ಆದರೆ ಪರಿಣಾಮ ಒಂದೇ: ಹೊಸಬ ಒಳಗೆ ಬಂದರೆ ಖಾಲಿ ಕಂಡ ಬೆಂಚೂ ಯಾರದೋ ಆಗಿರುತ್ತಿತ್ತು.

ಇದನ್ನು ಮುರಿಯಲು ಹೊರಟವರಲ್ಲಿ ವಿಲಿಯಂ ಅಗಸ್ಟಸ್ ಮ್ಯೂಲೆನ್‌ಬರ್ಗ್ ಪ್ರಮುಖರು. ನ್ಯೂಯಾರ್ಕಿನ ಆರನೇ ಅವೆನ್ಯೂದಲ್ಲಿ 1846ರಲ್ಲಿ ಪ್ರತಿಷ್ಠೆಯಾದ ಅವರ ‘ಚರ್ಚ್ ಆಫ್ ದಿ ಹೋಲಿ ಕಮ್ಯೂನಿಯನ್’ನಲ್ಲಿ ಯಾವ ಬೆಂಚಿಗೂ ಬಾಡಿಗೆ ಇರಲಿಲ್ಲ. ಮೊದಲು ಬಂದವರು ಮೊದಲು ಕೂರಬಹುದು. (ಕಾಲದ ತಮಾಷೆಯನ್ನು ಇಲ್ಲಿ ಹೇಳಲೇಬೇಕು. ಅದೇ ಕಟ್ಟಡ 1970ರ ದಶಕದಲ್ಲಿ ಚರ್ಚಾಗಿ ಉಳಿಯದೆ, 1983ರಲ್ಲಿ ‘ಲೈಮ್‌ಲೈಟ್’ ಎಂಬ ಕುಣಿತದ ಕ್ಲಬ್ಬಾಯಿತು. ದುಡ್ಡಿಲ್ಲದೆ ಕೂರಬಹುದಾಗಿದ್ದ ಕಡೆ ದುಡ್ಡು ಕೊಟ್ಟು ಒಳಗೆ ಹೋಗುವ ಕಾಲ ಬಂತು.)

ಇನ್ನೂ ದೊಡ್ಡ ಪ್ರಯೋಗ ನಡೆದದ್ದು ಅದೇ ನಗರದ ಸ್ಟೈವೆಸಂಟ್ ಚೌಕದ ಸೇಂಟ್ ಜಾರ್ಜ್ ಚರ್ಚಿನಲ್ಲಿ. ಇದು ಫಿಲಡೆಲ್ಫಿಯಾದ ಅದೇ ಹೆಸರಿನ ಚರ್ಚಲ್ಲ. ಸುತ್ತಲಿನ ಬೀದಿಗಳಿಗೆ ಯುರೋಪಿನ ಬಡ ವಲಸಿಗರು ಬಂದು ತುಂಬಿದ್ದರು. ಹಳೆಯ ಶ್ರೀಮಂತ ಕುಟುಂಬಗಳು ಬೇರೆಡೆಗೆ ಹೋಗಿ ಬೆಂಚುಗಳು ಖಾಲಿಯಾಗಿದ್ದವು. 1883ರಲ್ಲಿ ಆಡಳಿತ ಸಮಿತಿಯವರು ವಿಲಿಯಂ ರೇನ್ಸ್‌ಫರ್ಡ್ ಎಂಬ ಪಾದ್ರಿಯನ್ನು ಕರೆದರು. ಬೆಂಚು ಬಾಡಿಗೆ ಸಂಪೂರ್ಣ ರದ್ದಾದರೆ ಮಾತ್ರ ಬರುವೆನೆಂದು ಆತ ಪಟ್ಟು ಹಿಡಿದ. ಕೆಲಸಕ್ಕೆ ವರ್ಷಕ್ಕಿಷ್ಟು ಹಣವನ್ನೂ ಕೇಳಿದ. ಸಮಿತಿಯಲ್ಲಿದ್ದವರಲ್ಲಿ ಜೆ. ಪಿ. ಮಾರ್ಗನ್ ಒಬ್ಬ, ದೇಶದ ಬ್ಯಾಂಕುಗಳನ್ನು ಆಡಿಸುತ್ತಿದ್ದ ಮನುಷ್ಯ. ಷರತ್ತಿಗೆ ಆತ ಒಪ್ಪಿದ. ಇಪ್ಪತ್ತಕ್ಕೂ ಹೆಚ್ಚು ವರ್ಷ ರೇನ್ಸ್‌ಫರ್ಡ್ ಅಲ್ಲಿದ್ದಾಗ, ಚರ್ಚಿನ ಪಕ್ಕದ ಸಭಾಭವನದಲ್ಲಿ ಹುಡುಗರಿಗೆ ಕಸುಬಿನ ತರಗತಿ, ವ್ಯಾಯಾಮ, ಕ್ಲಬ್ಬುಗಳು ನಡೆದವು. ಖಾಲಿ ಬೆಂಚುಗಳು ಮತ್ತೆ ತುಂಬಿದವು.

ಅದೇ ಚರ್ಚು 1894ರಲ್ಲಿ ಹ್ಯಾರಿ ಬರ್ಲೆ ಎಂಬ ಕಪ್ಪು ತರುಣನನ್ನು ಗಾಯಕವೃಂದದ ಏಕವ್ಯಕ್ತಿ ಗಾಯಕನಾಗಿ ನೇಮಿಸಿಕೊಂಡಿತು. ಬರ್ಲೆ ಸಂಗೀತಗಾರ ದ್ವೊರ್ಝಾಕ್ ನಿರ್ದೇಶಕನಾಗಿದ್ದ ಸಂಗೀತ ಶಾಲೆಯಲ್ಲಿ ಕಲಿತವನು. ಸಭೆಯಲ್ಲಿ ಕೆಲವರು ಮುಖ ಸಿಂಡರಿಸಿದರು. ಮಾರ್ಗನ್‌ನ ಮತದಿಂದಲೇ ನೇಮಕ ಉಳಿಯಿತೆಂಬ ಮಾತು ಪ್ರಚಾರದಲ್ಲಿದೆ. ಬರ್ಲೆ ಅಲ್ಲಿ 52 ವರ್ಷ ಹಾಡಿದ. 1913ರಲ್ಲಿ ಮಾರ್ಗನ್‌ನ ಅಂತ್ಯಕ್ರಿಯೆಯಲ್ಲಿ ಹಾಡಿದವನೂ ಅವನೇ.

ನ್ಯೂಯಾರ್ಕಿನಲ್ಲಿ ಹೀಗಾದರೆ ದಕ್ಷಿಣದ ರಾಜ್ಯಗಳಲ್ಲಿ ಬಾಗಿಲೇ ಪ್ರಶ್ನೆಯಾಗಿ ಉಳಿಯಿತು. 1964ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೇರಿದ ಚರ್ಚಿನ ಮಹಾಧಿವೇಶನ, ಜನಾಂಗದ ಕಾರಣಕ್ಕೆ ಯಾರನ್ನೂ ಆರಾಧನೆಯಿಂದ ದೂರವಿಡಕೂಡದೆಂದು ನಿಯಮ ಮಾಡಿತು. ಮರುವರ್ಷ ಆ ನಿಯಮಕ್ಕೆ ಪರೀಕ್ಷೆ ಬಂತು. ಜೊನಾಥನ್ ಡೇನಿಯಲ್ಸ್ ಎಂಬ 26 ವರ್ಷದ ದೇವಶಾಸ್ತ್ರ ವಿದ್ಯಾರ್ಥಿ ಮತಾಧಿಕಾರದ ಚಳವಳಿಗೆಂದು ಅಲಬಾಮಾದ ಸೆಲ್ಮಾಕ್ಕೆ ಬಂದಿದ್ದ. ಅಲ್ಲಿನ ಸೇಂಟ್ ಪಾಲ್ ಎಪಿಸ್ಕೋಪಲ್ ಚರ್ಚಿಗೆ ಕಪ್ಪು ಹುಡುಗ ಹುಡುಗಿಯರನ್ನು ಜತೆಗೆ ಕರೆದೊಯ್ದ. ಮೊದಲು ಒಳಗೆ ಬಿಡಲಿಲ್ಲ. ನಿಯಮ ಎದುರಿಗಿಟ್ಟ ಮೇಲೆ ಬಿಟ್ಟರು, ಆದರೆ ಹಿಂದಿನ ಸಾಲಿನಲ್ಲಿ ಕೂರಿಸಿದರು. ಪ್ರಭು ಭೋಜನಕ್ಕೆ ಎಲ್ಲರ ನಂತರ ಬರುವಂತೆ ಮಾಡಿದರು. ಅಬ್ಸಲೋಮ್ ಜೋನ್ಸ್‌ನನ್ನು ಎಬ್ಬಿಸಿ 170 ವರ್ಷಕ್ಕೂ ಮೀರಿತ್ತು. ಪ್ರಶ್ನೆ ಮಾತ್ರ ಅದೇ ಸಾಲಿನಲ್ಲಿ ಕೂತಿತ್ತು.

ಆ ಆಗಸ್ಟ್ 20ರಂದು ಡೇನಿಯಲ್ಸ್ ಹೇನ್‌ವಿಲ್‌ನ ಜೈಲಿನಿಂದ ಬಿಡುಗಡೆಯಾಗಿ, ತಂಪು ಪಾನೀಯ ಕೊಳ್ಳಲು ಗೆಳೆಯರೊಡನೆ ಹತ್ತಿರದ ಅಂಗಡಿಗೆ ಹೋದ. ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದವನು 17 ವರ್ಷದ ರೂಬಿ ಸೇಲ್ಸ್‌ಗೆ ಗುರಿಯಿಟ್ಟಾಗ, ಅವಳನ್ನು ಪಕ್ಕಕ್ಕೆ ತಳ್ಳಿ ಗುಂಡಿಗೆ ತಾನು ಬಲಿಯಾದ. ಕೊಂದವನನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಖುಲಾಸೆ ಮಾಡಿತು. ಇಂದು ಅಬ್ಸಲೋಮ್ ಜೋನ್ಸ್, ಡೇನಿಯಲ್ಸ್ ಇಬ್ಬರಿಗೂ ಎಪಿಸ್ಕೋಪಲ್ ಚರ್ಚಿನ ಪಂಚಾಂಗದಲ್ಲಿ ಸ್ಮರಣೆಯ ದಿನಗಳಿವೆ. 2015ರಲ್ಲಿ ಮೈಕಲ್ ಕರಿ ಈ ಚರ್ಚಿನ ಮೊದಲ ಕಪ್ಪು ಪ್ರಧಾನ ಬಿಷಪ್ ಆದರು. 2024ರವರೆಗೆ ಆ ಹುದ್ದೆಯಲ್ಲಿದ್ದರು.

ಇನ್ನು ಆರಾಧನೆಯೊಳಗಿನ ಸ್ವಾಗತ. ಹೊಸಬನಿಗೆ ಇಲ್ಲಿ ಬೇರೆಯೇ ಗಾಬರಿ. ಕೈಯಲ್ಲಿ ಪ್ರಾರ್ಥನಾ ಪುಸ್ತಕ, ಕೀರ್ತನೆಗಳ ಪುಸ್ತಕ, ಬಾಗಿಲಲ್ಲಿ ಕೊಟ್ಟ ಕಾಗದ. ಎಲ್ಲರೂ ನಿಂತಾಗ ಇವನು ಕೂತಿರುತ್ತಾನೆ, ಮೊಣಕಾಲೂರಿದಾಗ ಪುಟ ಹುಡುಕುತ್ತಿರುತ್ತಾನೆ. ಈಗೀಗ ಅನೇಕ ಚರ್ಚುಗಳು ಪ್ರಾರ್ಥನೆ, ಹಾಡು, ಏಳುವ ಕೂರುವ ಸೂಚನೆ ಎಲ್ಲವನ್ನೂ ಒಂದೇ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುತ್ತವೆ. ಸಣ್ಣ ಸಂಗತಿ, ಆದರೆ ಹಲವರನ್ನು ಎರಡನೇ ಭಾನುವಾರ ಮರಳಿ ತರುವುದು ಇಂಥದ್ದೇ. ಪ್ರಭು ಭೋಜನಕ್ಕೆ ದೀಕ್ಷಾಸ್ನಾನ ಪಡೆದ ಯಾವ ಕ್ರೈಸ್ತನೂ ಬರಬಹುದು, ಯಾವ ಪಂಗಡದವನೇ ಆಗಿರಲಿ. ದೀಕ್ಷಾಸ್ನಾನ ಆಗದವರು ಎದೆಯ ಮೇಲೆ ಕೈ ಕಟ್ಟಿ ಮುಂದೆ ಹೋದರೆ ಪಾದ್ರಿ ಆಶೀರ್ವದಿಸುತ್ತಾರೆ. ಈ ಎಲ್ಲೆಯನ್ನೂ ತೆಗೆಯಬೇಕೆಂಬ ವಾದ ಚರ್ಚಿನೊಳಗೆ ಇದೆ, ನಿಯಮ ಬದಲಾಗಿಲ್ಲ.

ಆರಾಧನೆಯ ನಡುವೆ ಒಂದು ಘಳಿಗೆ ಬರುತ್ತದೆ. ಪಾದ್ರಿ ಸಮಾಧಾನದ ಮಾತು ಹೇಳಿದೊಡನೆ ಎಲ್ಲರೂ ತಿರುಗಿ ಅಕ್ಕಪಕ್ಕದವರ ಕೈ ಹಿಡಿಯುತ್ತಾರೆ. ಗುರುತಿಲ್ಲದವರು ಕೈ ಚಾಚಿದಾಗ ಕೆಲವರಿಗೆ ಕಣ್ಣು ತುಂಬುತ್ತದೆ, ಕೆಲವರಿಗೆ ಓಡಿಹೋಗೋಣವೆನಿಸುತ್ತದೆ. ಈ ಪದ್ಧತಿ ಎಪಿಸ್ಕೋಪಲ್ ಚರ್ಚಿನ 1979ರ ಪ್ರಾರ್ಥನಾ ಪುಸ್ತಕದೊಡನೆ ನೆಲೆಗೊಂಡಿತು. ಅದರ ಬೇರಿನ ಒಂದು ಎಳೆ ದಕ್ಷಿಣ ಭಾರತಕ್ಕೆ ಬರುತ್ತದೆಂದರೆ ಇಲ್ಲಿರುವ ಹಲವರಿಗೆ ಅಚ್ಚರಿಯಾದೀತು. ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತಷ್ಟೆ. 1950ರಲ್ಲಿ ಅದು ರೂಪಿಸಿದ ಆರಾಧನಾ ಕ್ರಮದಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪದ್ಧತಿಯೊಂದನ್ನು ಸೇರಿಸಿಕೊಂಡರು: ಪೀಠದ ಬಳಿಯಿಂದ ಸಮಾಧಾನವನ್ನು ಕೈಯಿಂದ ಕೈಗೆ, ಸಾಲಿನಿಂದ ಸಾಲಿಗೆ ದಾಟಿಸುವುದು. ಪಶ್ಚಿಮದ ಚರ್ಚುಗಳು ತಮ್ಮ ಪೂಜಾವಿಧಿಯನ್ನು ಪರಿಷ್ಕರಿಸುವಾಗ ಈ ಕ್ರಮವನ್ನು ಗಮನವಿಟ್ಟು ಓದಿದವು.

ಹಾಗಾಗಿ ಧಾರವಾಡದಿಂದಲೋ ಮಂಗಳೂರಿನಿಂದಲೋ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ ಎಪಿಸ್ಕೋಪಲ್ ಚರ್ಚಿಗೆ ಕಾಲಿಡುವ ಸಿ.ಎಸ್.ಐ. ಕುಟುಂಬಕ್ಕೆ ಆ ಘಳಿಗೆ ಹೊಸದಲ್ಲ. ಎರಡು ಚರ್ಚುಗಳ ನಡುವೆ ಪೂರ್ಣ ಸಹಭಾಗಿತ್ವವಿದೆ. ಊರಿನ ಸಭಾಪಾಲಕರ ಪತ್ರ ತಂದರೆ ಅವರ ಹೆಸರು ಅಲ್ಲಿನ ಸಭೆಯ ಪುಸ್ತಕಕ್ಕೆ ವರ್ಗವಾಗುತ್ತದೆ.

ಆದರೆ ಹೆಸರು ಪುಸ್ತಕಕ್ಕೆ ಬಂದವರೆಲ್ಲ ಸಭೆಯವರಾಗುತ್ತಾರೆಯೇ? 1960ರ ದಶಕದ ಮಧ್ಯದಲ್ಲಿ 30 ಲಕ್ಷವನ್ನೂ ದಾಟಿದ್ದ ಈ ಚರ್ಚಿನ ಸದಸ್ಯರ ಸಂಖ್ಯೆ ಈಗ ಸುಮಾರು ಅರ್ಧಕ್ಕೆ ಇಳಿದಿದೆ. ಕಾರಣಗಳು ಹಲವು: ಜನನ ಪ್ರಮಾಣ ಇಳಿದದ್ದು, ಮಹಿಳೆಯರ ಪೌರೋಹಿತ್ಯ ಮತ್ತು ಸಲಿಂಗಿಗಳ ವಿಷಯದಲ್ಲಿ ಎದ್ದ ಒಡಕು, ಭಾನುವಾರದ ಅಭ್ಯಾಸವೇ ಬದಲಾದದ್ದು. ಸ್ವಾಗತ ಸಮಿತಿ ಒಂದರಿಂದ ಇದು ತಿರುಗುವುದಿಲ್ಲ. ಆದರೂ ಬಾಗಿಲವರೆಗೆ ಬಂದವನನ್ನು ಕಳೆದುಕೊಳ್ಳುವ ಜಾಗವೊಂದು ಎಲ್ಲ ಚರ್ಚುಗಳಿಗೂ ಗೊತ್ತಿದೆ. ಅದು ಆರಾಧನೆಯ ನಂತರ ಪಕ್ಕದ ಕೊಠಡಿಯಲ್ಲಿ ನಡೆಯುವ ಕಾಫಿ ಕೂಟ. ಹಳಬರು ಸಣ್ಣ ಸಣ್ಣ ವೃತ್ತಗಳಾಗಿ ನಿಂತು ವಾರದ ಸುದ್ದಿ ಹಂಚಿಕೊಳ್ಳುತ್ತಾರೆ. ಯಾರೂ ಯಾರನ್ನೂ ದೂರವಿಡುತ್ತಿಲ್ಲ. ಎಲ್ಲರಿಗೂ ಸ್ನೇಹಿತರಿದ್ದಾರೆ, ಅಷ್ಟೆ. ಹೊಸಬ ಕಪ್ಪು ಹಿಡಿದು ಗೋಡೆಯ ಮೇಲಿನ ಸೂಚನೆಗಳನ್ನು ಎರಡು ಸಲ ಓದಿ ಮುಗಿಸುತ್ತಾನೆ. ಈ ಅನುಭವದಿಂದ ಕೆಲವು ಸಭೆಗಳು ಒಂದು ಕಟ್ಟುಪಾಡು ಮಾಡಿಕೊಂಡಿವೆ: ಆರಾಧನೆ ಮುಗಿದ ಮೊದಲ ಐದು ನಿಮಿಷ ಸದಸ್ಯರು ತಮಗೆ ಗುರುತಿಲ್ಲದವರೊಡನೆ ಮಾತ್ರ ಮಾತನಾಡಬೇಕು. ಗೆಳೆಯರ ಸರದಿ ಆಮೇಲೆ.